ಎಂಟನೆಯ ಮಾತ್ರೆ

ನಿವೃತ್ತಿಯಾದ ಮೇಲೆ ನನ್ನ ಓರಗೆಯ ಟೀಚರುಗಳು ಬಂಗಾರದ ಬಳೆ ಮಾಡಿಸಿಕೊಂಡರು, ಕಾಶಿಗೆ ಹೋಗಿ ಬಂದರು. ನಾನು ಕಲಬುರಗಿಗೆ ಹೋಗಿ ಕೀಬೋರ್ಡ್ ತಂದೆ. ಆಳಂದ, ಜೇವರ್ಗಿ, ಕೊನೆಗೆ ಅಫಜಲಪುರ ಎಂದು ಮೂರು ಊರುಗಳ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿದವಳು ನಾನು. ಹಾರ್ಮೋನಿಯಂ ಮೇಲೆ ಬೆರಳಾಡಿಸುವಷ್ಟು ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದರು. ಅದರ ಮೇಲೆ ಇಷ್ಟು ವರ್ಷ ನಮ್ಮ ಓಣಿಯ ಹೆಂಗಸರ ಬಳಗದಲ್ಲಿ ವಚನಗಳಿಗೆ ಸುರು, ಅಂದರೆ ಸ್ವರ, ಹಿಡಿಯುತ್ತ ಬಂದಿದ್ದೆ.

ಅಂಗಡಿಯಲ್ಲಿ ಬಿಳಿ ಟೋಪಿ ಹಾಕಿಕೊಂಡ ಹಿರಿಯರೊಬ್ಬರು ಕೀಬೋರ್ಡನ್ನು ಮೇಜಿನ ಮೇಲಿಟ್ಟು ಒಂದು ಗುಂಡಿ ಒತ್ತಿದರು. "ಮೇಡಂ, ಎಡಗೈದು ಒಂದು ಬೆರಳು ಇಡ್ರಿ ಸಾಕು. ತಬಲಾ, ಢೋಲಕ್, ಗಿಟಾರ್, ಪೂರಾ ಪಾರ್ಟಿ ತಾನೇ ಬರ್ತದ" ಎಂದರು. ನಾನು ಬೆರಳಿಟ್ಟೆ. ಪೂರಾ ಪಾರ್ಟಿ ಬಂದೇ ಬಂತು. ನಾನು ಬೆಚ್ಚಿ ಬೆರಳು ತೆಗೆದರೂ ಅದು ನಿಲ್ಲಲಿಲ್ಲ.

"ಇದನ್ನ ಬಂದ್ ಮಾಡೋದು ಹ್ಯಾಂಗ್ರಿ?" ಎಂದು ಕೇಳಿದೆ.

ಅವರು ನಕ್ಕರು. "ಎಲ್ಲಾರೂ ಚಾಲೂ ಮಾಡೋದು ಕೇಳ್ತಾರ. ನೀವೊಬ್ರೇ ನೋಡ್ರಿ ಮೊದಲ ಬಂದ್ ಮಾಡೋದು ಕೇಳಿದವ್ರು."

ಆ ಯಂತ್ರದೊಳಗೆ ಇನ್ನೂರು ಚಿಲ್ಲರೆ 'ಸ್ಟೈಲ್'ಗಳಿದ್ದವು. ಸ್ಟೈಲ್ ಎಂದರೆ ಸಿದ್ಧ ಮಾಡಿಟ್ಟ ಪಕ್ಕವಾದ್ಯ. ನಂಬರು ಒತ್ತಿ ಎಡಗೈಯಲ್ಲಿ ಸುರು ಹಿಡಿದರೆ ತಾಳ, ಮೇಳ ಎಲ್ಲ ಅದೇ ನೋಡಿಕೊಳ್ಳುತ್ತದೆ. ಶುರುವಿಗೆ ಇಂಟ್ರೊ ಎಂಬ ಗುಂಡಿ, ನುಡಿಯಿಂದ ನುಡಿಗೆ ಹೋಗುವಾಗ ತಬಲಾದ ಒಂದು ಉರುಳಿಕೆಗೆ ಫಿಲ್ ಎಂಬ ಗುಂಡಿ, ಮುಗಿಸಲು ಎಂಡಿಂಗ್. ಎಂಡಿಂಗ್ ಒತ್ತಿದರೆ ಮದುವೆ ಊಟ ಮುಗಿಸಿದವರ ಹಾಗೆ ಸಾವಕಾಶ ತೇಗಿ, ಎದ್ದು ಹೋಗುತ್ತದೆ. ದಣಿವಿಲ್ಲ, ಚಹಾ ಬೇಕೆಂಬ ತಕರಾರಿಲ್ಲ, ಮುಖ್ಯವಾಗಿ ಲೆಕ್ಕ ತಪ್ಪುವುದಿಲ್ಲ. ಲೆಕ್ಕ ತಪ್ಪದ ವಿದ್ಯಾರ್ಥಿಗಾಗಿ ಮೂವತ್ತು ವರ್ಷ ಕಾದವಳಿಗೆ ಕಡೆಗೊಬ್ಬ ಸಿಕ್ಕಿದಂತಾಯಿತು. ಖರೆ ಹೇಳಬೇಕೆಂದರೆ ನಾನು ಅದನ್ನು ಮೊದಲ ದಿನವೇ ಪ್ರೀತಿಸಿಬಿಟ್ಟೆ.

ಅಲ್ಲಿಯವರೆಗೆ ನಮ್ಮ ಬಳಗದ ಪಾಡು ಹೇಳುವಂತಿರಲಿಲ್ಲ. ಪ್ರತಿ ಸೋಮವಾರ ಸಂಜೆ ಓಣಿಯ ಮಂಟಪದಲ್ಲಿ ಸೇರುತ್ತಿದ್ದೆವು. ಹನ್ನೊಂದು ಜನ, ಹನ್ನೆರಡು ತಾಳ. ಒಬ್ಬಳು ಚಪ್ಪಾಳೆ ತಟ್ಟುವಾಗಲೇ ಮೊಮ್ಮಗನಿಗೆ ಗದರುವಳು. ಇನ್ನೊಬ್ಬಳು ವಚನದ ನಡುವೆ ಒಲೆಯ ಮೇಲಿನ ಬೇಳೆ ನೆನಪಾಗಿ ಎದ್ದು ಓಡುವಳು. ಇಂಥವರ ಮುಂದೆ ಕೀಬೋರ್ಡ್ ಇಟ್ಟ ಮೊದಲ ಸೋಮವಾರ ನಾನು ಗಡಿಬಿಡಿಯಲ್ಲಿ ಒಂದು ನಂಬರು ತಪ್ಪಿ ಒತ್ತಿದೆ. ಭಜನ್ ಬರಬೇಕಾದಲ್ಲಿ ಬ್ರೆಜಿಲಿನ ಕುಣಿತದ ಸಾಂಬಾ ಬಂತು. ವಚನ ಅರ್ಧ ಸಾಲು ನಡೆದಿತ್ತು. ನಾನು ಬೆವತುಹೋದೆ. ಹೆಂಗಸರು ಮಾತ್ರ ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತ, ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದುಕೊಂಡು, ಆ ಸಾಂಬಾಕ್ಕೇ ಹಾಡಿ ಮುಗಿಸಿದರು. "ಟೀಚರ್ರ, ಮುಂದಿನ ವಾರನೂ ಇದನ್ನ ಹಚ್ಚರಿ, ಮೈಯಾಗಿನ ವಾಯು ಹೋಗ್ತದ" ಎಂದಳು ಒಬ್ಬಳು.

ಎರಡು ತಿಂಗಳಲ್ಲಿ ಎಲ್ಲ ಸರಿಹೋಯಿತು. ಭಜನ್ ಎಂಬ ಸ್ಟೈಲಿನಲ್ಲಿ ಒಂದು ಸುತ್ತಿಗೆ ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ. ಎಂಟು ಮುಗಿದರೆ ಮತ್ತೆ ಒಂದು. ಹನ್ನೊಂದರಲ್ಲಿ ಹತ್ತು ಜನ ಆ ಎಂಟರೊಳಗೆ ಬಂದು ಕೂತರು. ಬೇಳೆ ನೆನಪಾದವಳು ಕೂಡ ಎಂಟು ಮುಗಿಸಿಯೇ ಏಳುತ್ತಿದ್ದಳು.

ಒಬ್ಬರು ಮಾತ್ರ ಕೂರಲಿಲ್ಲ. ಅವರನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ನಮ್ಮ ಓಣಿಯಲ್ಲಿ ಮಗನ ಮನೆಯಲ್ಲಿದ್ದರು, ಎಪ್ಪತ್ತು ದಾಟಿದವರು. ಓದು ಬರಹ ಬಾರದು. ನಾವು ವಚನದ ಪುಸ್ತಕ ತೆರೆದು ಕನ್ನಡಕ ಹುಡುಕುವಾಗ ಅವರು ಸುಮ್ಮನೆ ಗೋಡೆಗೊರಗಿ ಕೂಡುತ್ತಿದ್ದರು. ಹಾಡಿದರೆ ಹಿಂದಿನಿಂದ ಮೆಲ್ಲಗೆ ದನಿಗೂಡಿಸುವರು. ಆದರೆ ವರ್ಷಕ್ಕೊಂದು ದಿನ ನಮ್ಮೆಲ್ಲರ ಪುಸ್ತಕಗಳೂ ಮುಚ್ಚುತ್ತಿದ್ದವು, ಆಯಿಯದೊಂದೇ ಬಾಯಿ ತೆರೆಯುತ್ತಿತ್ತು. ಅದು ಬಸವ ಜಯಂತಿಯ ಮುಂಜಾನೆ.

ನಮ್ಮ ಕಡೆ ಆ ದಿನ ತೊಟ್ಟಿಲು ಕಟ್ಟಿ, ಬಸವಣ್ಣನನ್ನು ಕೂಸು ಮಾಡಿ ಮಲಗಿಸಿ, ಹೆಂಗಸರು ಹಗ್ಗ ಜಗ್ಗುತ್ತ ತೊಟ್ಟಿಲ ಪದ ಹಾಡುತ್ತಾರೆ. ಊರಿಗೊಂದು ಪದ. ಆಯಿಯ ಪದ ಅವರ ತವರಿನದು, ಅವರ ತಾಯಿ ಹಾಡುತ್ತಿದ್ದದ್ದು. ತೊಟ್ಟಿಲಿನ ಮರ ಯಾವ ಹೊಲದ್ದು, ಮಾಡಿದ ಬಡಿಗ ಯಾವ ಊರಿನವನು, ಹಗ್ಗ ಹೊಸೆದವಳು ಯಾರು ಎಂದು ಒಂದೊಂದು ನುಡಿಗೆ ಒಂದೊಂದು ಪ್ರಶ್ನೆ ಕೇಳುತ್ತ, ಉತ್ತರ ಹೇಳುತ್ತ ಹೋಗುವ ಪದ. ನುಡಿಗೆ ನಾಲ್ಕು ಸಾಲು. ಇನ್ನಾರ ಬಾಯಲ್ಲೂ ನಾನದನ್ನು ಕೇಳಿಲ್ಲ. ಹೊಸ ಸೀರೆ ಉಟ್ಟು ತೊಟ್ಟಿಲ ಪಕ್ಕ ನಿಂತು ಆಯಿ ಗಂಟಲು ಸರಿಮಾಡಿಕೊಂಡರೆ ಮಂಟಪದ ಗಂಡಸರು ಕೂಡ ಮಾತು ನಿಲ್ಲಿಸುತ್ತಿದ್ದರು. ಆ ಓಣಿಯಲ್ಲಿ ಅವರಿಗಿದ್ದ ಸ್ಥಾನಮಾನವೆಲ್ಲ ಆ ಒಂದು ಪದದ್ದು. ಮನೆಯಲ್ಲಿ ಸೊಸೆ ಕೂಡ ಆ ವಾರ ಅವರನ್ನು ಬೇರೆ ಥರ ನೋಡುತ್ತಿದ್ದಳಂತೆ. ಅವರೇ ನಕ್ಕು ಹೇಳಿದ್ದರು.

ಜಯಂತಿಗೆ ಒಂದು ತಿಂಗಳಿರುವಾಗ ನಾನು ಆ ಪದಕ್ಕೂ ಕೀಬೋರ್ಡ್ ಕೂಡಿಸುವುದೆಂದು ತೀರ್ಮಾನಿಸಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಆಯಿಯಿಂದ ಹೇಳಿಸಿ ಬರೆದುಕೊಂಡಿದ್ದ ನುಡಿಗಳನ್ನು ಝೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದೆ. ಭಜನ್ ಸ್ಟೈಲನ್ನು ನಿಧಾನ ಮಾಡಿ ಹಚ್ಚಿದೆ. ಆಯಿ ಶುರು ಮಾಡಿದರು. ಮೊದಲ ಸಾಲು ಚೆನ್ನಾಗಿ ಬಂತು. ಎರಡನೆಯ ಸಾಲನ್ನು ಅವರು ಒಂದು ಮಾತ್ರೆ ಮುಂಚೆಯೇ ಎತ್ತಿಕೊಂಡರು. ಮೂರನೆಯದು ಎರಡು ಮಾತ್ರೆ ಮುಂಚೆ.

"ಆಯಿ, ಜಲ್ದಿ ಮಾಡಾಕತ್ತೀರಿ. ಸಾಲು ಮುಗದ ಮ್ಯಾಲ ಜರಾ ನಿಂದರ್ರಿ" ಎಂದೆ.

"ಯಾಕ ನಿಂದರಬೇಕು? ತೊಟ್ಟಲಾ ನಿಂದರತದೇನು?"

"ತಾಳಕ್ಕ ನಿಂದರಬೇಕು. ನೀವು ಓಡಾಕತ್ತೀರಿ."

"ನಾ ಓಡಾಕತ್ತಿಲ್ಲ ಬೇ ಟೀಚರ್. ಅದೇ ಹಿಂದ ಉಳಿಯಾಕತ್ತದ" ಎಂದು ಅವರು ಕೀಬೋರ್ಡಿನ ಕಡೆ ಗದ್ದ ತೋರಿಸಿದರು.

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಬಿಳಿ ಸುಣ್ಣದ ಕಡ್ಡಿಯ ಕಾಲದ್ದು, ಹಾರಿ ಹೋಗಿ ಹಣೆಗೇ ಬಡಿಯುವಂಥದ್ದು. "ಮಷೀನ್ ತಪ್ಪಂಗಿಲ್ಲ ಆಯಿ. ಅದಕ್ಕ ವಯಸ್ಸಾಗಿಲ್ಲ" ಎಂದುಬಿಟ್ಟೆ.  ಝೆರಾಕ್ಸ್ ಹಾಳೆಯನ್ನು ಆಯಿಯ ಕೈಗೂ ಯಾರೋ ಕೊಟ್ಟಿದ್ದರು. ಅವರು ಅದನ್ನು ಮಡಚಿ ಮೊಣಕಾಲ ಕೆಳಗಿಟ್ಟುಕೊಂಡರು.

ಮುಂದಿನ ಸೋಮವಾರ ಉಳಿದವರನ್ನು ಸುಮ್ಮನಿರಿಸಿ ಅವರೊಬ್ಬರಿಂದಲೇ ಹಾಡಿಸಿದೆ. ಮತ್ತೆ ಅದೇ. ಒಂದೊಂದು ಸಾಲಿಗೆ ಒಂದೊಂದು ಮಾತ್ರೆ ಮುಂದೆ ಮುಂದೆ. ನಾನು ಪಟ್ಟು ಬಿಡದೆ ಹಚ್ಚಿಯೇ ಇಟ್ಟೆ. ಎರಡು ನುಡಿ ಮುಗಿದು ಮೂರನೆಯದು ಶುರುವಾಗುವಾಗ ಇದ್ದಕ್ಕಿದ್ದಂತೆ ಆಯಿಯೂ ಯಂತ್ರವೂ ಸರಿಯಾಗಿ ಒಂದರ ಮೇಲೊಂದು ಬಂದು ಕೂತವು. "ನೋಡ್ರಿ! ಮನಸ್ಸಿಟ್ಟರ ಬರ್ತದ" ಎಂದು ನಾನು ಹಿಗ್ಗಿದೆ. ಮರುಸಾಲಿಗೇ ಮತ್ತೆ ಬಿಟ್ಟುಹೋಯಿತು. ಆಯಿಗೆ ವಯಸ್ಸಾಗಿ ಮನಸ್ಸು ನಿಲ್ಲುತ್ತಿಲ್ಲ ಎಂದು ನನಗೆ ಖಾತ್ರಿಯಾಯಿತು. ಅವರಿಲ್ಲದಾಗ ಇತರರಿಗೆ ಹಾಗೆಂದು ಹೇಳಿಯೂ ಹೇಳಿದೆ.

ಆ ಇತರರು ಅಷ್ಟರಲ್ಲಿ ಹಾಳೆ ನೋಡಿ, ಯಂತ್ರ ಕೇಳಿ ಪದ ಕಲಿತಿದ್ದರು. ಸಾಲಿನ ಕೊನೆಯ ಅಕ್ಷರವನ್ನು ಒಂದಿಷ್ಟು ಎಳೆದರೆ ಎಂಟು ತುಂಬುತ್ತಿತ್ತು. ಓಣಿಯ ಸಣ್ಣ ಸೊಸೆಯೊಬ್ಬಳು, ಒಳ್ಳೆಯ ಕಂಠದವಳು, ಅದನ್ನು ಬಹಳ ಚೆಂದ ಎಳೆಯುತ್ತಿದ್ದಳು.

ಜಯಂತಿಯ ದಿನ ಮಂಟಪ ತುಂಬಿತ್ತು. ನನ್ನ ಮುಂದೆ ಮೈಕು, ಆಯಿಯ ಮುಂದೆ ಮೈಕು. ತೊಟ್ಟಿಲಿಗೆ ಹೂವು ಸುತ್ತಿದ್ದರು. ನಾನು ಇಂಟ್ರೊ ಒತ್ತಿದೆ. ಜನ ಬೆರಗಾಗಿ ನನ್ನ ಕಡೆ ನೋಡಿದರು, ನನಗದು ಹಿತವಾಯಿತು. ಆಯಿ ಶುರು ಮಾಡಿದರು. ಎರಡನೆಯ ಸಾಲು ಒಂದು ಮಾತ್ರೆ ಮುಂಚೆ. ಮೂರನೆಯದು ಎರಡು. ಹಗ್ಗ ಜಗ್ಗುವವರಿಗೆ ಯಾರ ಲೆಕ್ಕಕ್ಕೆ ಜಗ್ಗಬೇಕೆಂದು ತಿಳಿಯದೆ ತೊಟ್ಟಿಲು ಅಡ್ಡಾದಿಡ್ಡಿ ಹೊಯ್ದಾಡಿತು. ಹಿಂದಿನ ಸಾಲಿನ ಪೋರಿಯರು ಕಿಸಕ್ಕೆಂದರು.

"ಆಯಿ, ತಾಳ! ತಾಳ ನೋಡ್ರಿ!" ಎಂದೆ. ಮೈಕಿನಲ್ಲಿ ಎಂದೆ. ಕೊನೆಯ ಬೆಂಚಿನವರೆಗೆ ಮುಟ್ಟುವ ನನ್ನ ಕ್ಲಾಸಿನ ದನಿಯಲ್ಲಿ ಎಂದೆ.

ಆಯಿ ನಿಲ್ಲಿಸಿದರು. ಯಂತ್ರ ನಿಲ್ಲಲಿಲ್ಲ. ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು, ನಾನು ಒತ್ತಲಿಲ್ಲ. ಕಾರ್ಯಕ್ರಮ ಕೆಡಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸಣ್ಣ ಸೊಸೆಗೆ ಕಣ್ಸನ್ನೆ ಮಾಡಿದೆ. ಅವಳು ಹಾಳೆ ತೆಗೆದು ಮುಂದಿನ ನುಡಿ ಎತ್ತಿಕೊಂಡಳು, ಎಲ್ಲರೂ ಕೂಡಿದರು, ತೊಟ್ಟಿಲು ಒಂದು ಹದಕ್ಕೆ ಬಂತು. ಆಯಿ ಮೈಕಿನಿಂದ ಸರಿದು ತೊಟ್ಟಿಲ ಹಗ್ಗ ಹಿಡಿದುಕೊಂಡು ಉಳಿದ ಹತ್ತು ನುಡಿಯೂ ಜಗ್ಗುತ್ತ ನಿಂತರು. ಅವರ ತುಟಿ ಅಲುಗುತ್ತಿರಲಿಲ್ಲ. ನಾನು ಎಂಡಿಂಗ್ ಒತ್ತಿದಾಗ ಚಪ್ಪಾಳೆ ಬಿತ್ತು. ಊರ ಹಿರಿಯರೊಬ್ಬರು ಬಂದು, "ಟೀಚರ್ರ, ಈ ಸಲ ಭಾಳ ಚಲೋ ಆತ್ರಿ" ಎಂದರು.

ಮುಂದಿನ ಸೋಮವಾರ ಆಯಿ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಮೊಣಕಾಲು ನೋವು ಎಂದು ಅವರ ಸೊಸೆ ಹೇಳಿಕಳಿಸಿದಳು. ಇಷ್ಟಕ್ಕೆಲ್ಲ ಮುನಿಸೇ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಂದು ಸಲ ಬಾಯಿಬಿಟ್ಟೂ ಅಂದೆ. ಮಳೆಗಾಲದ ಹೊತ್ತಿಗೆ ಅವರು ಭೂಸನೂರಿಗೆ, ಮಗಳ ಮನೆಗೆ ಹೋದರೆಂದು ತಿಳಿಯಿತು. ಹೋಗುವಾಗ ನಮ್ಮ ಮನೆಯ ಮುಂದೆಯೇ ಹಾದುಹೋಗಿರಬೇಕು, ಬಸ್ ನಿಲ್ದಾಣಕ್ಕೆ ಬೇರೆ ದಾರಿಯಿಲ್ಲ. ಕರೆಯಲಿಲ್ಲ. ನನಗೆ ಚುರುಕ್ಕೆಂದಿತು. ಆದರೆ ತಪ್ಪು ನನ್ನದು ಎಂದು ಆಗಲೂ ಅನ್ನಿಸಲಿಲ್ಲ. ಮಾತಿನ ಧಾಟಿ ಒರಟಾಯಿತು, ಮಾತು ಮಾತ್ರ ಸರಿ ಎಂದೇ ಇದ್ದೆ.

ಎಳ್ಳಮಾವಾಸ್ಯೆ ಬಂತು. ಬಳಗದ ಪ್ರತಿಯೊಬ್ಬಳೂ ತನ್ನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದ್ದು, ಬಜ್ಜಿ ಉಂಡಿದ್ದು, ಎತ್ತಿನ ಮುಂದೆ ನಿಂತಿದ್ದು ಎಲ್ಲ ಫೋಟೋ ಕಳಿಸಿ ನನ್ನ ಫೋನು ತುಂಬಿಸಿಬಿಟ್ಟಳು. ನಾಲ್ಕೈದು ದಿನ ಬಿಟ್ಟು ಒಂದು ಮಧ್ಯಾಹ್ನ ಕುಳಿತು ಹಳೆಯದನ್ನೆಲ್ಲ ಅಳಿಸತೊಡಗಿದೆ. ಆಗ ಒಂದು ಧ್ವನಿಮುದ್ರಣ ಸಿಕ್ಕಿತು. ಕೀಬೋರ್ಡ್ ತರುವ ಮುಂಚೆ, ಆಯಿಯ ಮನೆಯಲ್ಲಿ ಮರಿಮಗುವಿಗೆ ಹೆಸರಿಟ್ಟ ದಿನ, ತೊಟ್ಟಿಲ ಪದದ ಮಾತುಗಳನ್ನು ಬರೆದುಕೊಳ್ಳಲೆಂದು ನಾನೇ ಮಾಡಿಕೊಂಡದ್ದು. ಹಿಂದೆ ಪಾತ್ರೆ ಸಪ್ಪಳ, ಒಂದು ಕೂಸಿನ ಅಳು, ಅದರ ಮೇಲೆ ಆಯಿಯ ದನಿ.

ಈ ದನಿಗೆ ಸ್ಟೈಲ್ ಕೂಡಿಸಿ ತೋರಿಸಿದರೆ ಬರುವ ಜಯಂತಿಗೆ ಆಯಿಗೆ ಎಲ್ಲಿ ತಪ್ಪುತ್ತದೆಂದು ತಿಳಿದೀತು ಎಂದು ನನಗೆ ಹೊಳೆಯಿತು. ಒಳ್ಳೆಯ ಮನಸ್ಸಿನಿಂದಲೇ ಹೊಳೆಯಿತು. ಕೀಬೋರ್ಡ್ ತೆಗೆದೆ. ಭಜನ್ ಹಚ್ಚಿದೆ. ಬಿಟ್ಟುಹೋಯಿತು. ವೇಗ ಹೆಚ್ಚಿಸಿದೆ, ಬಿಟ್ಟುಹೋಯಿತು. ಇಳಿಸಿದೆ, ಅದೇ. ಬೇರೆ ನಂಬರು, ಮತ್ತೆ ಬೇರೆ ನಂಬರು. ಕೊನೆಗೆ ಬೇಸತ್ತು ಯಂತ್ರ ಬಂದ್ ಮಾಡಿ, ನೋಟುಬುಕ್ಕಿನಲ್ಲಿ ಗೆರೆ ಎಳೆದು, ಸಾಲಿಗೆ ಎಂಟು ಮನೆ ಮಾಡಿ, ಅವರ ದನಿ ಕೇಳುತ್ತ ಒಂದೊಂದು ಎಣಿಕೆಗೆ ಒಂದೊಂದು ಮನೆಯಲ್ಲಿ ಅಕ್ಷರ ಬರೆಯುತ್ತ ಹೋದೆ. ಮೊದಲ ಸಾಲಿನಲ್ಲಿ ಎಂಟನೆಯ ಮನೆ ಖಾಲಿ ಉಳಿಯಿತು. ಎರಡನೆಯದರಲ್ಲಿ ಎಂಟನೆಯದು ಖಾಲಿ. ಮೂರನೆಯದರಲ್ಲೂ ಖಾಲಿ. ಹನ್ನೊಂದು ನುಡಿ, ನಲವತ್ತನಾಲ್ಕು ಸಾಲು. ಪ್ರತಿಯೊಂದರಲ್ಲೂ ಅದೊಂದೇ ಮನೆ ಖಾಲಿ.

ಒಬ್ಬ ಹುಡುಗ ಒಂದು ಕಡೆ ತಪ್ಪಿದರೆ ಅದು ಅವನ ತಪ್ಪು. ಇಡೀ ಕ್ಲಾಸೇ ಒಂದು ಲೆಕ್ಕವನ್ನು ಒಂದೇ ರೀತಿ ತಪ್ಪಿದ್ದರೆ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಬೇಕು. ಮೂವತ್ತು ವರ್ಷ ಹೊಸ ಟೀಚರುಗಳಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ. ಮೇಜಿನ ಮೇಲೆ ಕೈ ತಟ್ಟಿ ನೋಡಿದೆ. ಒಂದು ಎರಡು ಮೂರು, ಒಂದು ಎರಡು, ಒಂದು ಎರಡು. ಏಳು. ಆಯಿಯ ದನಿ ಆ ಏಳರ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಹರಿಯಿತು. ಅಲ್ಲಿ ಎಳೆಯುವುದಿಲ್ಲ, ನಿಲ್ಲುವುದಿಲ್ಲ. ಏಳು ಮುಗಿಯುತ್ತಲೇ ಮುಂದಿನ ಪ್ರಶ್ನೆ ಬಂದು ಹಿಂದಿನ ಉತ್ತರದ ಕೈ ಹಿಡಿಯುತ್ತದೆ. ಪದ ಚೆಂದವಾಗಿದ್ದದ್ದೇ ಅದಕ್ಕೆ.

ಆಮೇಲೆ ನಾಚಿಕೆ ಒಂದರ ಹಿಂದೆ ಒಂದು ಬಂತು. ಅವತ್ತು ಎರಡು ನುಡಿಗೊಮ್ಮೆ ಸರಿಕೂಡಿತಲ್ಲ, ಅದು ಮನಸ್ಸಿಟ್ಟದ್ದರಿಂದ ಕೂಡಿದ್ದಲ್ಲ. ಏಳು ಮತ್ತು ಎಂಟರ ಲ.ಸಾ.ಅ. ಐವತ್ತಾರು. ಎಂಟು ಸಾಲಿಗೆ ಐವತ್ತಾರು ಮಾತ್ರೆ, ಅಲ್ಲಿ ಕೂಡಲೇಬೇಕು. ಐದನೆಯ ಇಯತ್ತೆಯ ಲೆಕ್ಕ. ಅದು ನನ್ನ ಕಿವಿಯ ಮುಂದೆ ನಡೆಯುತ್ತಿತ್ತು, ನಾನು ಒಬ್ಬ ಮುದುಕಿಯ ವಯಸ್ಸಿನ ಮೇಲೆ ತಪ್ಪು ಹಾಕುತ್ತ ಕೂತಿದ್ದೆ. ಅವರು ಓಡುತ್ತಿರಲಿಲ್ಲ. ಅವರು ಹೇಳಿದಂತೆ ಯಂತ್ರವೇ ಹಿಂದೆ ಉಳಿಯುತ್ತಿತ್ತು. ನೆಲವೇ ಡೊಂಕಾಗಿತ್ತು. ಇನ್ನೂರು ಚಿಲ್ಲರೆ ಸ್ಟೈಲನ್ನೂ ಒಂದೊಂದಾಗಿ ಒತ್ತಿ ನೋಡಿದೆ. ಸಮುದ್ರದಾಚೆಯ ಯಾವ್ಯಾವುದೋ ಊರಿನ ಕುಣಿತ ಅದರಲ್ಲಿತ್ತು. ನಾಲ್ಕು, ಎಂಟು, ಮೂರು, ಆರು ಇತ್ತು. ಏಳರದು ಒಂದೂ ಇರಲಿಲ್ಲ. ನಾನು ಅತ್ತೆ. ನನ್ನ ವಯಸ್ಸಿನವಳು ಮಟಮಟ ಮಧ್ಯಾಹ್ನ ನೋಟುಬುಕ್ಕಿನ ಮುಂದೆ ಅಳುವುದು ನೋಡುವವರಿಗೆ ಚೆಂದ ಕಾಣುವುದಿಲ್ಲ, ಪುಣ್ಯಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನವೇ ಭೂಸನೂರಿಗೆ ಹೊರಟೆ. ಕೀಬೋರ್ಡನ್ನು ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ. "ಅದೇನ್ರಿ ಅಕ್ಕಾ, ಕೂಸಿನಂಗ ಹಿಡಕೊಂಡೀರಿ?" ಎಂದ ಕಂಡಕ್ಟರ್. ನನ್ನ ಯೋಜನೆ ಹೀಗಿತ್ತು: ಮೊದಲು ಕಾಲು ಮುಟ್ಟಿ ತಪ್ಪಾಯಿತು ಎನ್ನುವುದು. ಆಮೇಲೆ ಸ್ಟೈಲ್ ಹಚ್ಚದೆ ಬರೇ ಸುರು ಹಿಡಿದು ಅವರಿಂದ ಪದ ಹಾಡಿಸುವುದು. ಬರುವ ಜಯಂತಿಗೆ ಮಂಟಪದಲ್ಲಿ, ಅದೇ ಮೈಕಿನಲ್ಲಿ, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳುವುದು. ಅಲ್ಲಿಯ ಸಕ್ಕರೆ ಕಾರ್ಖಾನೆ ಹತ್ತಿರವಾದಂತೆ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರೇಲರು. ಬಸ್ಸು ಅವುಗಳ ಹಿಂದೆ ತೆವಳಿತು. ನಾನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತ ಕೂತೆ.

ಆಯಿ ಮಗಳ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. ನಾನು ಅಂದುಕೊಂಡ ಯಾವ ಮುನಿಸೂ ಅಲ್ಲಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

"ಬಾ ಬೇ ಟೀಚರ್, ಬಾ! ಮಷೀನೂ ತಂದೀಯೇನು? ಏ, ಯಾರದೀರಿ ಒಳಗ, ಚುರುಮುರಿ ಸುಸಲಾ ಮಾಡ್ರಿ, ಚಹಾ ಇಡ್ರಿ."

ಕಾಲು ಮುಟ್ಟಲು ಬಗ್ಗಿದೆ. ಅವರು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ನೀ ಮಾತಾಡಬ್ಯಾಡ. ಮೊದಲ ಅದನ್ನ ಹಚ್ಚು. ಜಯಂತಿ ದಿನ ಹಚ್ಚಿದ್ದಿ ನೋಡು, ಅದನ್ನೇ" ಎಂದರು.

"ಆಯಿ, ನಾ ಒಂದು ಮಾತು..."

"ಆಮ್ಯಾಲ ಹೇಳಕಿ. ಹಚ್ಚು ಮೊದಲ."

ಹಚ್ಚಿದೆ. ಭಜನ್ ಸ್ಟೈಲ್, ಅದೇ ವೇಗ. ಆಯಿ ಕೈಯಲ್ಲಿನ ಶೇಂಗಾ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಹಾಡಿದರು. ಮೊದಲ ಸಾಲಿನ ಕೊನೆಯ ಅಕ್ಷರವನ್ನು ಎಳೆದರು, ಓಣಿಯ ಸಣ್ಣ ಸೊಸೆ ಎಳೆಯುವಷ್ಟೇ ಎಳೆದರು. ಎಂಟು ತುಂಬಿತು. ಎರಡನೆಯ ಸಾಲು ಯಂತ್ರದ ಒಂದಕ್ಕೆ ಸರಿಯಾಗಿ ಬಂದು ಕೂತಿತು. ಮೂರನೆಯದೂ ಹಾಗೆಯೇ. ಹನ್ನೊಂದು ನುಡಿಯೂ ಹಾಗೆಯೇ. ಒಂದು ಕಡೆಯೂ ತಪ್ಪಲಿಲ್ಲ.

"ಬರಾಬರ್ ಆತಿಲ್ಲ?" ಎಂದು ಕಣ್ಣು ತೆರೆದರು. ಹಣೆಯ ಮೇಲೆ ಬೆವರಿತ್ತು. ಜಯಂತಿಯ ವಿಡಿಯೋ ಮೊಮ್ಮಗಳ ಫೋನಿನಲ್ಲಿತ್ತಂತೆ. ದಿನಾ ಸಂಜೆ ಅದನ್ನು ಹಚ್ಚಿಸಿಕೊಂಡು, ಸಣ್ಣ ಸೊಸೆಯ ದನಿಗೆ ದನಿ ಕೂಡಿಸಿ, ಮಳೆಗಾಲದಿಂದ ಇಲ್ಲಿಯತನಕ ಕಲಿತಿದ್ದರು. "ಭಾಳ ಹೈರಾಣ ಆದ್ನಿ ಬೇ. ಬಾಯಿ ಕೇಳವಲ್ದು. ಅಲ್ಲಿ ನಿಂದ್ರು ಅಂದ್ರ ನಿಂದ್ರವಲ್ದು. ಈಗ ನಿಂದರತದ ನೋಡು."

ನಾನು ಸ್ಟೈಲ್ ಬಂದ್ ಮಾಡಿದೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ನಿಮ್ಮದು ತಪ್ಪಿರಲಿಲ್ಲ ಆಯಿ, ನಿಮ್ಮ ಪದ ಏಳರದು, ನಾನು ಎಂಟಕ್ಕೆ ಬಡಿದೆ, ಲೆಕ್ಕ ತಪ್ಪಿದವಳು ನಾನು ಎಂದೆ. ಅವರು ನನ್ನ ತೊಡೆ ತಟ್ಟುತ್ತ ಕೇಳಿದರು, ಜ್ವರ ಬಂದ ಕೂಸಿನ ಬಡಬಡಿಕೆ ಕೇಳುವ ಹಾಗೆ.

"ಸುಮ್ನಿರು. ನನ್ನ ಮನಸಿಗಿ ಸಮಾಧಾನ ಆಗ್ಲಿ ಅಂತ ಇಷ್ಟ ದೂರ ಬಂದು ಹೇಳಾಕತ್ತಿ. ನನಗೇನೂ ಸಿಟ್ಟಿಲ್ಲ ಬೇ."

ಫೋನು ತೆಗೆದು ಹೆಸರಿಟ್ಟ ದಿನದ ಧ್ವನಿ ಹಚ್ಚಿದೆ. ಮೇಜಿನ ಮೇಲೆ ತಟ್ಟಿದಂತೆ ಕಟ್ಟೆಯ ಮೇಲೆ ಮೂರು, ಎರಡು, ಎರಡು ತಟ್ಟಿ ತೋರಿಸಿದೆ. ಆಯಿ ಕಿವಿಗೊಟ್ಟು ಕೇಳಿದರು. ನಾಲ್ಕು ಸಾಲು ಆಗುವಷ್ಟರಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ಅಯ್ಯ ಯವ್ವಾ! ಹ್ಯಾಂಗ ಓಡಾಕತ್ತೇನಿ ನೋಡು! ಹಿಂದ ನಾಯಿ ಬೆನ್ನು ಹತ್ತಿದಂಗ. ಬಂದ್ ಮಾಡು, ಬಂದ್ ಮಾಡು, ಯಾರಾದ್ರೂ ಕೇಳ್ಯಾರು."

"ಹಂಗಲ್ಲ ಆಯಿ. ಇದೇ ಸರಿ. ಇದನ್ನೇ ಒಂದ ಸಲ ಹಾಡ್ರಿ, ನನಗೋಸ್ಕರ."

ನನ್ನ ಮೇಲಿನ ಅಕ್ಕರೆಗೆ ಒಪ್ಪಿದರು. ನಾನು ತಟ್ಟಿದೆ. ಅವರು ಶುರು ಮಾಡಿದರು. ಏಳು ಮುಗಿಯಿತು, ಅವರ ದನಿ ಎಳೆದು ನಿಂತಿತು, ಎಂಟಕ್ಕಾಗಿ ಕಾಯಿತು. ಇನ್ನೊಮ್ಮೆ ತಟ್ಟಿದೆ. ಇನ್ನೊಮ್ಮೆ ನಿಂತಿತು. ಮೂರನೆಯ ಸಲ ಅವರೇ ಕೈ ಅಲ್ಲಾಡಿಸಿಬಿಟ್ಟರು. "ಬರವಲ್ದು ಬಿಡು. ಬಿಟ್ಟಿದ್ದೇ ಚಲೋ ಆತು." ಆಮೇಲೆ ಶೇಂಗಾ ಕೈಗೆತ್ತಿಕೊಂಡು, ಸುಲಿಯುತ್ತ ಹೇಳಿದರು: "ಐವತ್ತು ವರ್ಷ ತಪ್ಪೇ ಹಾಡೇನಿ. ಯಾರೂ ಹೇಳಲಿಲ್ಲ ನೋಡು. ನಮ್ಮವ್ವನೂ ತಪ್ಪೇ ಹಾಡ್ತಿದ್ಲು ಅನಸ್ತದ, ಪಾಪ. ಆಕಿಗಿ ಹೇಳಾಕ ನಿನ್ನಂಥಾಕಿ ಯಾರೂ ಇದ್ದಿಲ್ಲ."

 ಸುಸಲಾ ಬಂತು, ತಿಂದೆ.  ಸಂಜೆಯ ಬಸ್ಸಿಗೆ ಹಿಂತಿರುಗಿದೆ.

ಈ ವರ್ಷದ ಜಯಂತಿಗೆ ಆಯಿ ತಾವಾಗಿಯೇ ಬಂದರು, ಹೊಸ ಸೀರೆ ಉಟ್ಟು ಬಂದರು. ಹಿಂದಿನ ಸಂಜೆ ನಾನು ಬಳಗಕ್ಕೆ ಏಳರ ಸಂಗತಿ ಹೇಳಿದ್ದೆ. ಈಗ ಸರಿಯಾಗಿ ಬರುತ್ತಿರುವಾಗ ಮತ್ತೇಕೆ ಕೆದಕುವುದು, ಆಯಿಗೆ ಮತ್ತೆ 'ನಿಮ್ಮದು ತಪ್ಪು' ಅನ್ನುವುದೇ ಎಂದು ಬಳಗದವರು ಕೇಳಿದರು. ಮೈಕಿನಲ್ಲಿ ಹೇಳಬೇಕೆಂದಿದ್ದ ಮಾತನ್ನು ನಾನು ಹೇಳಲಿಲ್ಲ. ಸ್ಟೈಲ್ ಹಚ್ಚದೆ ಬರೇ ಸುರು ಹಿಡಿದು ನೋಡಿದೆ, ಆಯಿ ಗಾಬರಿಯಾಗಿ, "ಯಾಕ ಬೇ, ಮಷೀನ್ ಕೆಟ್ಟದೇನು? ಅದಿಲ್ದ ನನಗ ಬರಂಗಿಲ್ಲ" ಎಂದರು. ಭಜನ್ ಹಚ್ಚಿದೆ. ಮಂಟಪದ ಗಂಡಸರು ಮಾತು ನಿಲ್ಲಿಸಿದರು. ತೊಟ್ಟಿಲು ಹದವಾಗಿ ತೂಗಿತು. ಆಯಿ ಹನ್ನೊಂದು ನುಡಿಯನ್ನೂ ಹಾಡಿದರು, ಒಂದೂ ತಪ್ಪಲಿಲ್ಲ. ಆದರೆ ಪ್ರತಿ ಸಾಲಿನ ಕೊನೆಗೆ, ಆ ಎಂಟನೆಯ ಮಾತ್ರೆಯಲ್ಲಿ, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಿದ್ದರು. ನಲವತ್ತನಾಲ್ಕು ಸಲ ನೋಡಿದರು. ನಲವತ್ತನಾಲ್ಕು ಸಲವೂ ನಾನು ಹೌದೆಂದು ತಲೆಯಾಡಿಸಿದೆ.